ಟಾರ್ಪಾಲು ಕಟ್ಟುವವನ ಹಾಯಿದೋಣಿ

ಗಾಳಿ ಬೀಸಿದರೆ ನನ್ನ ಎರಡೂ ಕೈ ತಾವಾಗಿಯೇ ಮುಷ್ಟಿ ಕಟ್ಟುತ್ತವೆ. ಸಿಟ್ಟಿನಿಂದಲ್ಲ. ಸಿಟ್ಟು ಬಂದರೆ ನಾನು ಎಲೆಯಡಿಕೆ ಹಾಕಿಕೊಂಡು ಬಾಯಿ ಮುಚ್ಚಿಕೊಳ್ಳುವ ಪೈಕಿ. ಮೊನ್ನೆ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಎಲ್ಲಿಂದಲೋ ಒಂದು ಗಾಳಿ ಸುಯ್ಯೆಂದು ಬಂದು ಧೂಳೆಬ್ಬಿಸಿತು. ಪಕ್ಕದಲ್ಲಿದ್ದ ಭಂಡಿಗಡಿಯ ಪರಿಚಯದವರೊಬ್ಬರು ನನ್ನ ಕೈ ನೋಡಿ, "ಎಂತ ಮಾರಾಯ್ರೆ, ಯಾರಿಗೆ ಗುದ್ದೋ ಅಂದಾಜು?" ಎಂದರು. ನೋಡಿಕೊಂಡರೆ ಹೌದು, ಎರಡೂ ಮುಷ್ಟಿ ಬಿಗಿದಿವೆ, ಇಲ್ಲದ ಹಗ್ಗವೊಂದನ್ನು ಎಳೆದು ಹಿಡಿದಿವೆ. ನಾನು ನಕ್ಕು ಕೈ ಜೇಬಿಗೆ ಹಾಕಿಕೊಂಡೆ. ಆಮೇಲೆ ಬಸ್ಸಿನಲ್ಲಿ ಕೂತ ಮೇಲೆ ನಗು ಬರಲಿಲ್ಲ, ಭಾವನ ನೆನಪು ಬಂತು.

ಮುಷ್ಟಿಯ ಕಥೆ ಮೊದಲು ಹೇಳಿಬಿಡುತ್ತೇನೆ. ಕೊಪ್ಪದ ಪೇಟೆಯಲ್ಲಿ ನಮ್ಮದು ಟಾರ್ಪಾಲು, ಹಗ್ಗದ ಅಂಗಡಿ. ಅಪ್ಪ ಶುರು ಮಾಡಿದ್ದು. ನಮ್ಮ ಕಡೆ ಮನುಷ್ಯನಿಗೆ ಉಡಲು ಬಟ್ಟೆ ಕಡಿಮೆಯಾದರೂ ನಡೆಯುತ್ತದೆ, ಹೊದಿಸಲು ಟಾರ್ಪಾಲು ಇಲ್ಲದಿದ್ದರೆ ನಡೆಯುವುದಿಲ್ಲ. ಕಟ್ಟಿಗೆಗೊಂದು, ಗೊಬ್ಬರಕ್ಕೊಂದು, ಸೋರುವ ಮಾಡಿಗೊಂದು, ಅಂಗಳದಲ್ಲಿ ಒಣ ಹಾಕಿದ್ದಕ್ಕೊಂದು. ಅಪ್ಪ ಟಾರ್ಪಾಲು ಮಾರಿದ್ದಕ್ಕಿಂತ ಅದನ್ನು ಕಟ್ಟುವ ಪಾಠ ಹೇಳಿದ್ದೇ ಹೆಚ್ಚು. "ಬಟ್ಟೆಯೊಳಗೆ ಗಾಳಿ ಹೊಕ್ಕಿತೋ, ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಮೂಲೆಗೆ ಕಲ್ಲು ಹೇರಿ. ನಾಲ್ಕೂ ಕಡೆ ಬಿಗಿದು ಕಟ್ಟಿ. ಗಾಳಿ ಜೋರಾದ್ರೆ ಇನ್ನೂ ಬಿಗೀರಿ." ಅಪ್ಪನ ವೇದಾಂತವೆಲ್ಲ ಇಷ್ಟೇ. ಎಳೆದಷ್ಟೂ ಬಿಗಿಯಾಗುವ ಒಂದು ಗಂಟನ್ನು ನನಗೆ ಅಕ್ಷರಾಭ್ಯಾಸಕ್ಕೂ ಮೊದಲೇ ಕಲಿಸಿದ್ದರು.

ಒಮ್ಮೆ ಹರಿಹರಪುರದಲ್ಲಿ, ಅಮ್ಮನ ತವರಿನಲ್ಲಿ, ಮಧ್ಯಾಹ್ನ ಮೋಡ ಕವಿದು ಗಾಳಿ ಎದ್ದಿತು. ಅಂಗಳದಲ್ಲಿ ಹಪ್ಪಳ ಒಣಗುತ್ತಿತ್ತು. ಅಕ್ಕ ಒಂದು ಮೂಲೆ, ನಾನೊಂದು ಮೂಲೆ ಹಿಡಿದು ಟಾರ್ಪಾಲು ಎಳೆಯುತ್ತಿದ್ದೆವು. ಗಾಳಿ ಒಳಗೆ ಹೊಕ್ಕಿತು. ಅಕ್ಕ ದೊಡ್ಡವಳು, ನೆಲದ ಮೇಲೇ ಇದ್ದಳು. ನಾನು ಸಪೂರ ಹುಡುಗ, ಟಾರ್ಪಾಲಿನ ಜೊತೆಗೇ ಮೇಲೆ ಹೋದೆ. "ಬಿಡಬೇಡ್ವೋ, ಗಟ್ಟಿ ಹಿಡಿ!" ಎಂದು ಅಕ್ಕ ಕೂಗಿದಳು. ನಾನು ಬಿಡಲಿಲ್ಲ. ಹಪ್ಪಳ ದಾಟಿ, ತುಳಸಿಕಟ್ಟೆ ದಾಟಿ, ಗೊಬ್ಬರದ ಗುಂಡಿಯಲ್ಲಿ ಇಳಿದೆ. ಕುತ್ತಿಗೆಯವರೆಗೆ ಗೊಬ್ಬರ, ಕೈಯಲ್ಲಿ ಟಾರ್ಪಾಲಿನ ಮೂಲೆ. ಅಪ್ಪ ಆ ಕಥೆಯನ್ನು ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು. "ನಮ್ಮ ಪ್ರಕಾಶ ಬಿದ್ದ, ಆದ್ರೆ ಹಗ್ಗ ಬಿಡಲಿಲ್ಲ ನೋಡಿ." ನನ್ನ ಜೀವಮಾನದಲ್ಲಿ ಅಪ್ಪ ನನ್ನನ್ನು ಹೊಗಳಿದ್ದು ಅದೊಂದೇ ವಿಷಯಕ್ಕೆ.

ಇಂಥವನ ಹಣೆಯಲ್ಲಿ ಹಾಯಿದೋಣಿ ಬರೆದಿತ್ತು ಎಂದರೆ ಬ್ರಹ್ಮನಿಗೂ ತಮಾಷೆಯ ಚಟ ಇದೆ ಎಂದಾಯಿತು. ಟಾರ್ಪಾಲಿನಲ್ಲಿ ಗಾಳಿ ಹೊಗದಂತೆ ನೋಡಿಕೊಂಡವನು ಹಾಯಿಯಲ್ಲಿ ಗಾಳಿ ತುಂಬಿಸಬೇಕಾಯಿತು.

ದೋಣಿ ನನ್ನದಲ್ಲ, ಭಾವನದು. ಭಾವ ಎಂದರೆ ಅಕ್ಕನ ಗಂಡ. ಕರಾವಳಿಯ ಬಂದರೊಂದರಲ್ಲಿ ಕೆಲಸದಲ್ಲಿದ್ದವರು, ನಿವೃತ್ತರಾದ ಮೇಲೆ ಎನ್.ಆರ್. ಪುರಕ್ಕೆ ಬಂದು ಸಣ್ಣದೊಂದು ತಾರಸಿ ಮನೆ ಮಾಡಿದರು. ಊರು ಆರಿಸುವಾಗ ಅಕ್ಕ ನೋಡಿದ್ದು ಆಸ್ಪತ್ರೆ ಎಷ್ಟು ದೂರ, ದೇವಸ್ಥಾನ ಎಷ್ಟು ಹತ್ತಿರ ಎಂದು. ಭಾವ ನೋಡಿದ್ದು ಭದ್ರಾ ಹಿನ್ನೀರನ್ನು ಮಾತ್ರ. ಬಂದರಿನಲ್ಲಿದ್ದಾಗ ಯಾರದೋ ಸಹವಾಸದಿಂದ ಹಾಯಿ ಕಟ್ಟುವುದನ್ನು ಕಲಿತಿದ್ದರು. ಆ ಹುಚ್ಚು ಇಳಿಯಲೇ ಇಲ್ಲ. ಗೋವಾದಲ್ಲಿ ಯಾರೋ ಪರದೇಶದವರು ಬಿಟ್ಟುಹೋದ ಹಳೆಯ ದೋಣಿಯೊಂದನ್ನು ಪತ್ತೆ ಮಾಡಿ ಕೊಂಡರು. ಇಬ್ಬರು ಕಾಲು ಮಡಚಿ ಮಲಗಬಹುದಾದ ಗೂಡು, ಬೇಡವೆಂದಾಗ ಮಲಗಿಸಿಡಬಹುದಾದ ಕಂಬ, ಹೊಟ್ಟೆಯ ಕೆಳಗೆ ಏರಿಸಿ ಇಳಿಸುವ ಒಂದು ಹಲಗೆ. ಜೀಪಿನ ಹಿಂದೆ ಟ್ರೈಲರ್ ಸಿಕ್ಕಿಸಿದರೆ ಎಲ್ಲಿಗೆ ಬೇಕಾದರೂ ಎಳೆದುಕೊಂಡು ಹೋಗಬಹುದು.

ಎಲ್ಲಿಗೆ ಬೇಕಾದರೂ ಎಂದರೆ ಘಟ್ಟದ ಮೇಲಕ್ಕೂ ಸೇರಿತಲ್ಲ. ಕೆಳಗಿನಿಂದ ತಿರುವು ತಿರುವಿನಲ್ಲೂ ಇಳಿದು ಹಿಂದಿನ ಗಾಲಿಗೆ ಕಲ್ಲು ಕೊಡುತ್ತ ಬಂದವನು ನಾನು. ಕೆರೆಕಟ್ಟೆ ಹತ್ತಿರ ಅರಣ್ಯ ಇಲಾಖೆಯ ಗೇಟಿನಲ್ಲಿ ಒಬ್ಬ ಗಾರ್ಡು ಲಾಂದ್ರದ ಹಾಗಿದ್ದ ದೊಡ್ಡ ಟಾರ್ಚು ಹಿಡಿದು ದೋಣಿಗೆ ಸುತ್ತು ಬಂದ.

"ಎಂತ ಇದು?"

"ದೋಣಿ," ಎಂದರು ಭಾವ.

"ಕಾಡಿನೊಳಗೆ ದೋಣಿ ಎಂತಕ್ಕೆ?"

"ನಿಮ್ಮ ಮಳೆ ನೋಡಿ ಧೈರ್ಯ ಸಾಲಲಿಲ್ಲ," ಎಂದರು. ಗಾರ್ಡು ನಗಲಿಲ್ಲ. ಕೆರೆಕಟ್ಟೆಯವರಿಗೆ ಮಳೆ ನಗುವ ವಿಷಯವಲ್ಲ.

ಶೃಂಗೇರಿಯಲ್ಲಿ ಕಾಫಿಗೆ ನಿಲ್ಲಿಸಿದಾಗ ಜನ ಸೇರಿದರು. ಮೆರವಣಿಗೆಗೆ ತಯಾರಾದ ಸ್ತಬ್ಧಚಿತ್ರ ಎಂದು ಒಬ್ಬರು, ಹೊಸ ನಮೂನೆಯ ಗೋಬರ್ ಗ್ಯಾಸ್ ಟ್ಯಾಂಕು ಎಂದು ಇನ್ನೊಬ್ಬರು. ಕೊಪ್ಪಕ್ಕೆ ಬಂದಾಗ ನಮ್ಮ ಪಕ್ಕದ ಅಂಗಡಿಯವರು ಮಾತ್ರ ಸರಿಯಾಗಿ ಊಹಿಸಿದರು. "ಪ್ರಕಾಶಣ್ಣ, ಇದು ತಲೆನೋವು ಅಲ್ದ?" ಎಂದರು.

ತಲೆನೋವು ಹತ್ತಾರು ವರ್ಷ ನಡೆಯಿತು. ಅನುಮತಿಗಾಗಿ ಭಾವ ಸುತ್ತಿದ ಕಚೇರಿಗಳ ಕಥೆ ಬೇರೆಯೇ ಆಗುತ್ತದೆ, ಬಿಡಿ. ಭಾನುವಾರ ಅಂಗಡಿ ಮುಚ್ಚಿ ನಾನು ಎನ್.ಆರ್. ಪುರದ ಬಸ್ಸು ಹತ್ತುತ್ತಿದ್ದೆ. ಹಿನ್ನೀರಿನಲ್ಲಿ ಮುಳುಗಿದ ಹಳೆಯ ರಸ್ತೆಯೊಂದು ಇವತ್ತಿಗೂ ಯಾವುದೋ ಊರಿಗೆ ಹೊರಟ ಹಾಗೆ ಸೀದಾ ನೀರಿನೊಳಗೆ ಇಳಿಯುತ್ತದೆ. ಅದರ ಮೇಲೆ ಟ್ರೈಲರನ್ನು ಹಿಮ್ಮುಖವಾಗಿ ಇಳಿಸಿದರೆ ದೋಣಿ ತಾನಾಗಿ ತೇಲಿಕೊಳ್ಳುತ್ತಿತ್ತು. ಚುಕ್ಕಾಣಿ ಮತ್ತು ದೊಡ್ಡ ಹಾಯಿಯ ಹಗ್ಗ ಭಾವನ ಕೈಯಲ್ಲಿ, ಮುಂದಿನ ಸಣ್ಣ ಹಾಯಿಯ ಹಗ್ಗ ನನ್ನ ಕೈಯಲ್ಲಿ. "ಬಿಡು! ಬಿಡು ಅಂದ್ರೆ ಬಿಗೀತೀಯಲ್ಲೋ!" ಎಂಬ ಬೈಗುಳ ನನ್ನ ಭಾನುವಾರದ ಪ್ರಸಾದ. ಗಾಳಿ ಜೋರಾದರೆ ಹಗ್ಗ ಬಿಡಬೇಕು, ಹಾಯಿಯೊಳಗಿನ ಗಾಳಿ ಸೋರಿ ದೋಣಿ ನೆಟ್ಟಗಾಗುತ್ತದೆ ಎಂದು ಅವರು ಬಾಯಿ ನೋಯುವಷ್ಟು ಹೇಳಿದರು. ನನ್ನ ತಲೆಗೆ ಅರ್ಥವಾಗುತ್ತಿತ್ತು. ಕೈ ಮಾತ್ರ ಅಪ್ಪನ ಮಾತು ಕೇಳುತ್ತಿತ್ತು.

ಆದರೂ ಹೋಗುತ್ತಿದ್ದೆ. ಹಾಯಿ ತುಂಬಿಕೊಂಡ ಮೇಲೆ ಒಂದು ಬಗೆಯ ಮೌನ ಬರುತ್ತದೆ. ಯಂತ್ರವಿಲ್ಲ, ಹುಟ್ಟಿನ ಸದ್ದಿಲ್ಲ, ಆದರೂ ದಡ ಸರಿಯುತ್ತಿರುತ್ತದೆ. ಆಗ ಭಾವನ ಮುಖ ನೋಡಬೇಕಿತ್ತು. ಇಡೀ ವಾರ ಔಷಧಿ, ಕರೆಂಟು ಬಿಲ್ಲು, ಸಕ್ಕರೆ ಹಾಕದ ಕಾಫಿ ಎಂದು ಗೊಣಗುವ ಮನುಷ್ಯ ಅಲ್ಲಿ ಕೂತು ಸಣ್ಣಗೆ ಗುನುಗುತ್ತಿದ್ದರು.

ಅಕ್ಕ ದಡದವರೆಗೂ ಬರುತ್ತಿದ್ದಳು, ಆದರೆ ನೀರಿನ ಕಡೆ ತಿರುಗುತ್ತಿರಲಿಲ್ಲ. ನೀರಿಗಿಳಿದವರನ್ನು ನೋಡುತ್ತ ನಿಲ್ಲಬಾರದು, ದೃಷ್ಟಿ ಅವರನ್ನು ಇನ್ನೂ ದೂರ ನೂಕುತ್ತದೆ ಎಂದು ನಮ್ಮ ಅಮ್ಮ ಹೇಳುತ್ತಿದ್ದಳು. ಅಮ್ಮನ ಕಾಲಕ್ಕೆ ಅದು ತುಂಗೆಯಲ್ಲಿ ಈಜುವ ನಮ್ಮನ್ನು ಬೇಗ ಮನೆಗೆ ಕರೆಸುವ ಉಪಾಯವೂ ಇದ್ದೀತು. ಅಕ್ಕ ಅದನ್ನು ವ್ರತದ ಹಾಗೆ ಹಿಡಿದಿದ್ದಳು. ಜೀಪಿನಲ್ಲಿ ಬೆನ್ನು ಹಾಕಿ ಕೂತು, ತೊಡೆಯ ಮೇಲೆ ಹತ್ತಿ ಇಟ್ಟುಕೊಂಡು ದೇವರ ದೀಪಕ್ಕೆ ಬತ್ತಿ ಹೊಸೆಯುವಳು. ನಾವು ವಾಪಸು ಬಂದು ಒದ್ದೆ ಕೈಯಲ್ಲಿ ಜೀಪಿನ ಬಾಗಿಲು ತಟ್ಟಿದ ಮೇಲೇ ತಿರುಗಿ ನೋಡಿ, "ಬಂದ್ರಾ? ಚಿತ್ರಾನ್ನ ಆರಿಹೋಯ್ತು," ಎನ್ನುವಳು. ಗಾಳಿ ಹೆಚ್ಚಿದ್ದ ದಿನ ಬತ್ತಿಗಳು ಹೆಚ್ಚಾಗಿರುತ್ತಿದ್ದವು.

ಭಾವನ ಕಣ್ಣು ಹಾಳಾಗುತ್ತಿದೆ ಎಂದು ನಮಗೆ ತಡವಾಗಿ ತಿಳಿಯಿತು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಅವರು ಹೇಳಿರಲಿಲ್ಲ. ಹಿನ್ನೀರಿನಲ್ಲಿ ಸತ್ತ ಮರಗಳ ಬೊಡ್ಡೆಗಳು ಅಲ್ಲಲ್ಲಿ ತಲೆ ಎತ್ತಿರುತ್ತವೆ. ಒಂದು ಭಾನುವಾರ, "ಆ ಬೊಡ್ಡೆ ಎಷ್ಟು ದೂರ ಇದೆ ಅಂತ ನಿನ್ನ ಅಂದಾಜು?" ಎಂದು ಕೇಳಿದರು. ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡು ನಾನು ಗತ್ತಿನಿಂದ ಹೇಳಿದೆ. ಮುಂದಿನ ವಾರವೂ ಕೇಳಿದರು. ಅದರ ಮುಂದಿನ ವಾರ ಕೇಳಲಿಲ್ಲ, ಬೊಡ್ಡೆಗೆ ಸೀದಾ ಗುದ್ದಿದರು. ದೋಣಿಗೆ ಹೆಚ್ಚೇನೂ ಆಗಲಿಲ್ಲ. ಭಾವ ಚುಕ್ಕಾಣಿ ಹಿಡಿದ ಕೈಯನ್ನು ಬಹಳ ಹೊತ್ತು ನೋಡಿಕೊಂಡರು. "ಇನ್ನು ಮುಗೀತು ಮಾರಾಯ," ಎಂದರು. ದಡಕ್ಕೆ ಬಂದು ತಾವೇ ಹಾಯಿ ಮಡಚಿದರು. ಆಮೇಲೆ ಬಹಳ ದಿನ ದೋಣಿ ಅವರ ಮನೆಯ ಅಂಗಳ ಬಿಟ್ಟು ಹೊರಡಲಿಲ್ಲ.

ಕಣ್ಣಿಗೆ ಇಂಜೆಕ್ಷನ್ ಕೊಡಿಸಿದರು, ಲೇಸರ್ ಮಾಡಿಸಿದರು. ಇರುವುದನ್ನು ಸ್ವಲ್ಪ ಕಾಲ ತಡೆಹಿಡಿಯಬಹುದು, ಹೋದದ್ದು ಬರುವುದಿಲ್ಲ ಎಂದು ಡಾಕ್ಟರು ಮೆತ್ತಗೆ ಹೇಳಿದರು. ಡಾಕ್ಟರುಗಳು ಮೆತ್ತಗೆ ಮಾತಾಡಿದರೆ ನನಗೆ ಎದೆ ಹೊಡೆದುಕೊಳ್ಳುತ್ತದೆ.

ಮಳೆಗಾಲದ ಆರಂಭದಲ್ಲಿ ನಾನು ಅವರನ್ನು ನೋಡಲು ಹೋಗಿದ್ದೆ. ಭಾವ ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅಂಗಳದ ದೋಣಿಗೆ ಎದುರಾಗಿ ಕೂತಿದ್ದರು. ಅದಕ್ಕೆ ಹೊದಿಸಿದ್ದ ಟಾರ್ಪಾಲು ನಮ್ಮ ಅಂಗಡಿಯದೇ.

"ಪ್ರಕಾಶ, ಒಂದು ಕೇಳ್ತೆ. ಇಲ್ಲ ಅನ್ನಬೇಡ."

"ಹೇಳಿ ಭಾವ."

"ಇಷ್ಟು ವರ್ಷ ನಾನು ಅದರೊಳಗೇ ಕೂತಿದ್ದೆ. ನನ್ನ ದೋಣಿ ಹಾಯಿ ಎತ್ತಿಕೊಂಡು ಹೋಗೋದನ್ನ ನಾನು ಒಂದು ಸಲವೂ ನೋಡಿಲ್ಲ. ಟ್ರೈಲರ್ ಮೇಲಿದ್ದದ್ದು ನೋಡಿದ್ದೆ, ದಡಕ್ಕೆ ಕಟ್ಟಿದ್ದು ನೋಡಿದ್ದೆ. ಹೋಗೋದನ್ನ ನೋಡಿಲ್ಲ. ಕಣ್ಣು ಪೂರಾ ಮುಚ್ಚೋ ಮೊದಲು ದಡದಲ್ಲಿ ನಿಂತು ಒಂದ್ಸಲ ನೋಡಬೇಕು. ನೀನು ತಗೊಂಡು ಹೋಗು."

"ನಾನು ಯಾರ ಜೊತೆ?"

"ಒಬ್ಬನೇ."

ನಾನು ಇಲ್ಲ ಎನ್ನಲಿಲ್ಲ. ಹೂಂ ಎಂದೂ ಅನ್ನಲಿಲ್ಲ. ಒಳಗಿನಿಂದ ಅಕ್ಕ, "ಎಂತ ಮಾತಾಡ್ತಿದ್ದೀರಿ?" ಎಂದು ಕೇಳಿದ್ದಕ್ಕೆ ಇಬ್ಬರೂ ಒಟ್ಟಿಗೇ "ಎಂತ ಇಲ್ಲ" ಎಂದೆವು. ಮನೆಗೆ ಬರುವಾಗ ಬಸ್ಸಿನಲ್ಲಿ ಯೋಚಿಸಿದೆ. ಮೂರು ತಾಲೂಕು ಜಾಲಾಡಿದರೂ ಹಾಯಿದೋಣಿ ಬಲ್ಲ ಇನ್ನೊಬ್ಬ ಸಿಗುವುದಿಲ್ಲ. ನನ್ನ ಹೆಂಡತಿಗೆ ಬಸ್ಸಿನಲ್ಲೇ ವಾಂತಿ. ಪಕ್ಕದ ಅಂಗಡಿಯವರನ್ನು ಜೊತೆಗೆ ಕರೆದರೆ, "ನೀವು ಮೊದಲು ಹೋಗಿ ಬನ್ನಿ ಪ್ರಕಾಶಣ್ಣ, ಬಂದ್ರೆ ಮುಂದಿನ ಸಲ ನೋಡುವ," ಎಂದರು. ಹಾಗಾಗಿ ಒಂಟಿಯೇ ಗತಿ.

ಮಳೆಗಾಲವಿಡೀ ಅಂಗಳದಲ್ಲೇ ಪಾಠ ನಡೆಯಿತು. ಮಳೆ ಸ್ವಲ್ಪ ಬಿಟ್ಟು ಹೊಳವಾದ ಭಾನುವಾರಗಳಲ್ಲಿ ಟ್ರೈಲರ್ ಮೇಲೇ ದೋಣಿಯ ಕಂಬ ಎತ್ತಿ, ನಾನು ಅದರಲ್ಲಿ ಹತ್ತಿ ಕೂರುವುದು. ಭಾವ ಕುರ್ಚಿಯಲ್ಲಿ ಕೂತು, ಹೇಗೂ ಸರಿಯಾಗಿ ಕಾಣದ ಕಣ್ಣನ್ನು ಮುಚ್ಚಿಕೊಂಡೇ ಅಪ್ಪಣೆ ಕೊಡುವುದು. "ಎಡಗೈ ಚುಕ್ಕಾಣಿ. ಬಲಗೈ ಹಗ್ಗ. ಮುಂದಿನ ಸಣ್ಣ ಹಾಯಿ ಬೇಡ, ನಿಂಗೆ ಮೂರನೇ ಕೈ ಇಲ್ಲ. ದೊಡ್ಡದೊಂದೇ ಸಾಕು. ಗಾಳಿ ಬಂತು. ಎಂತ ಮಾಡ್ತೆ?"

"ಹಗ್ಗ ಬಿಡ್ತೆ."

"ಬಾಯಲ್ಲಿ ಬಿಡಬೇಡ, ಕೈಯಲ್ಲಿ ಬಿಡು."

ನೆಲದ ಮೇಲೆ ನಿಂತ ದೋಣಿಯಲ್ಲಿ ಲೈಫ್ ಜಾಕೆಟ್ ಹಾಕಿಕೊಂಡು ಕೂತು ಅತ್ತಿತ್ತ ವಾಲುವ ಐವತ್ತು ದಾಟಿದ ಗಂಡಸನ್ನು ನೋಡಲು ಬೇಲಿಯಾಚೆ ಜನ ನಿಲ್ಲುತ್ತಿದ್ದರು. ಒಬ್ಬ ಮುದುಕಿ ನನಗೆ ಯಾವ ಗ್ರಹ ಬಡಿದಿದೆ ಎಂದು ಅಕ್ಕನ ಹತ್ತಿರ ವಿಚಾರಿಸಿದ್ದಳಂತೆ. ನಾವೂ ನಗುತ್ತಿದ್ದೆವು. ಆದರೆ ಒಂದೊಂದು ಭಾನುವಾರ ಹೋದಾಗಲೂ ಭಾವನ ಕಣ್ಣು ಒಂದೊಂದು ಮೆಟ್ಟಿಲು ಇಳಿದಿರುತ್ತಿತ್ತು. ಮೊದಲ ವಾರಗಳಲ್ಲಿ ಅವರು ಕಂಬದ ತುದಿ ನೋಡಿ ಸರಿ ಮಾಡು ಎನ್ನುತ್ತಿದ್ದರು. ಆಮೇಲೆ ಕಂಬವನ್ನು ಕೈಯಲ್ಲಿ ಮುಟ್ಟಿ ನೋಡಿದರು. ಶ್ರಾವಣ ಕಳೆಯುವಾಗ ನಾನು ದೋಣಿಯಲ್ಲಿ ಎದ್ದು ನಿಂತಿದ್ದರೂ "ಕೂತಿದ್ದೀಯಾ?" ಎಂದು ಕೇಳಿದರು. ಮಳೆ ನಿಲ್ಲಲಿಲ್ಲ. ಟಾರ್ಪಾಲು ಮಾರಿ ಬದುಕಿದ ನಾನು ಮಳೆಗೆ ಶಾಪ ಹಾಕಿದ್ದು ಅದೊಂದೇ ವರ್ಷ.

ಕೊನೆಗೂ ನವರಾತ್ರಿ ಕಳೆದು ಆಕಾಶ ಬಿಚ್ಚಿತು. ಹಿನ್ನೀರು ತುಂಬಿ ನಿಂತಿತ್ತು. ದಡದ ಕಡೆಯಿಂದ ನೀರಿನ ಕಡೆಗೆ ಹದವಾದ ಗಾಳಿ. ಭಾವ ಒಗೆದ ಬಿಳಿ ಪಂಚೆ ಉಟ್ಟು, ಎರಡೂ ಕಣ್ಣಿಗೆ ಔಷಧಿ ಬಿಟ್ಟುಕೊಂಡು, ಕನ್ನಡಕ ಒರೆಸಿ ಒರೆಸಿ ಹಾಕಿಕೊಂಡರು. ಅಕ್ಕನಿಗೆ ವಿಷಯ ಗೊತ್ತಾಗಿ ನನಗೆ ಸರಿಯಾಗಿ ಬೈದಳು. ಬೈದು, ಹತ್ತಿಯ ಚೀಲ ತೆಗೆದುಕೊಂಡು ಜೀಪು ಹತ್ತಿದಳು.

ದೋಣಿ ಇಳಿಸಿ, ಹಾಯಿ ಎತ್ತುವಾಗ ಭಾವ ನೀರಿನಲ್ಲಿ ನಿಂತು ದೋಣಿಯ ಮೂತಿ ಹಿಡಿದುಕೊಂಡಿದ್ದರು. "ಸ್ವಲ್ಪ ಒಳಗೆ ಹೋಗಿ, ದಡದ ಉದ್ದಕ್ಕೆ ನನ್ನ ಎದುರು ಹಾಯ್ದು ಹೋಗು. ಗಾಳಿ ನಿನ್ನ ಬೆನ್ನಿನ ಕಡೆ ಇರ್ತದೆ. ಹಗ್ಗ ಕೈಯಲ್ಲೇ ಇರಲಿ. ಕಟ್ಟಬೇಡ. ಕಟ್ಟಿದ್ಯೋ, ನೀನು ನನ್ನ ಭಾಮೈದನೇ ಅಲ್ಲ." ಎಂದು ಮೂತಿ ನೂಕಿದರು.

ಹಾಯಿ ತುಂಬಿತು. ದೋಣಿ ಹೊರಟಿತು. ನಾನು ಕೂತದ್ದು ಭಾವನ ಜಾಗದಲ್ಲಿ, ಎದುರಿಗೆ ಖಾಲಿ ಬಿದ್ದದ್ದು ನನ್ನ ಜಾಗ. ಬೈಯುವವರಿಲ್ಲದ ದೋಣಿ ಇಷ್ಟು ಬಿಕೋ ಎನ್ನುತ್ತದೆಂದು ನನಗೆ ಗೊತ್ತಿರಲಿಲ್ಲ. ಭಯಕ್ಕಿಂತ ಹೆಚ್ಚಾಗಿ ದುಃಖವೇ ಆಯಿತು. ಆದರೂ ಹೇಳಿದ ಹಾಗೆ ಒಳಗೆ ಹೋಗಿ, ಚುಕ್ಕಾಣಿ ತಿರುಗಿಸಿ, ದಡದ ಉದ್ದಕ್ಕೆ ಬಂದೆ. ಕತ್ತು ಹೊರಳಿಸಿ ನೋಡಿದರೆ ದಡದಲ್ಲಿ ಭಾವ ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ನಿಂತಿದ್ದಾರೆ. ಹಾಗೆ ನಿಂತವರನ್ನು ಕಂಡರೆ ಯಾರಿಗಾದರೂ ಕೈ ಬೀಸಬೇಕು ಅನ್ನಿಸುತ್ತದೆ. ಒಂದು ಕೈಯಲ್ಲಿ ಚುಕ್ಕಾಣಿ, ಒಂದು ಕೈಯಲ್ಲಿ ಹಗ್ಗ. ಬೀಸಲು ಕೈ ಎಲ್ಲಿದೆ?

ಒಂದೇ ಕ್ಷಣಕ್ಕೆ ಎಂದುಕೊಂಡು ಹಗ್ಗವನ್ನು ಪಕ್ಕದ ಗೂಟಕ್ಕೆ ಸುತ್ತಿ ಗಂಟು ಹಾಕಿದೆ. ಕೈ ಯಾವ ಗಂಟು ಹಾಕಿತು ಎಂದು ನಾನು ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ, ಅದಕ್ಕೆ ಬರುತ್ತಿದ್ದದ್ದು ಅದೊಂದೇ. ಎಳೆದಷ್ಟೂ ಬಿಗಿಯಾಗುವ ಅಪ್ಪನ ಗಂಟು. ಕಣ್ಣು ಮಂಜಾದವರಿಗೆ ಕಾಣಲೆಂದು ನಾನು ದೊಡ್ಡದಾಗಿ ಕೈ ಬೀಸಿದೆ.

ಆಗ ಗುಡ್ಡದ ಸಂದಿನಿಂದ ಗಾಳಿ ನುಗ್ಗಿತು. ದೋಣಿ ಒಮ್ಮೆಲೇ ಆಚೆ ವಾಲಿತು. ನನ್ನ ಕಾಲಡಿಯ ಹಲಗೆ ಗೋಡೆಯಾಯಿತು. ಗೂಡಿನೊಳಗೆ ಏನೇನೋ ಉರುಳಿದವು. ನನ್ನ ಬಲಗೈ ಹಗ್ಗ ಹಿಡಿಯಿತು, ಹಿಡಿದು ಬಲವಾಗಿ ಎಳೆಯಿತು. ಗಾಳಿ ಜೋರಾದರೆ ಇನ್ನೂ ಬಿಗೀರಿ. ಆಚೆ ಬದಿಯ ಅಂಚಿನ ಮೇಲೆ ನೀರು ಹತ್ತಿ ಒಳಗೆ ಬಂತು. ಗಾಳಿಯ ಜೊತೆಗೇ ದಡದಿಂದ ಎರಡು ಕೂಗು ಕೇಳಿಸಿದವು. ಒಂದು ಅಕ್ಕನದು. "ಓರೆ ಆಯ್ತು! ಅಯ್ಯೋ, ಮಗುಚ್ತದೆ! ಬಿಡಬೇಡ್ವೋ, ಗಟ್ಟಿ ಹಿಡಿ!" ಇನ್ನೊಂದು ಭಾವನದು. "ಬಿಡು! ಎಲ್ಲಾ ಬಿಡು! ಬಿಡೋ!"

ಬಿಡುವುದಕ್ಕೆ ಗಂಟು ಬಿಚ್ಚಬೇಕಲ್ಲ. ಒಂದು ಕೈಯಲ್ಲಿ ಬಿಚ್ಚುವ ಗಂಟಲ್ಲ ಅದು. ನಾನು ಚುಕ್ಕಾಣಿಯನ್ನೂ ಬಿಟ್ಟು ಎರಡೂ ಕೈಯಲ್ಲಿ ಗಂಟಿಗೆ ಬಿದ್ದೆ. ಉಗುರು ಕಿತ್ತುಬಂತು, ಗಂಟು ಅಲುಗಲಿಲ್ಲ. ಆದರೆ ಹಿಡಿಯುವವರಿಲ್ಲದ ದೋಣಿ ತಾನೇ ಮೂತಿ ತಿರುಗಿಸಿ ಗಾಳಿಗೆ ಎದುರಾಗಿ ನಿಂತುಬಿಟ್ಟಿತು. ಹಾಯಿ ಪಟಪಟ ಬಡಿದುಕೊಂಡಿತು. ಹಲಗೆ ಮತ್ತೆ ನೆಲವಾಯಿತು. ನನ್ನ ಬುದ್ಧಿಗಿಂತ ದೋಣಿಯ ಬುದ್ಧಿ ದೊಡ್ಡದು ಎಂದು ಅಲ್ಲೇ ಕೂತು ಒಪ್ಪಿಕೊಂಡೆ.

ಹಲ್ಲು ಹಾಕಿ ಗಂಟು ಬಿಚ್ಚಿದೆ. ಅಲ್ಲಿಂದಲೇ ವಾಪಸು ಹೋಗಬಹುದಿತ್ತು. ಆದರೆ ಭಾವ ನೋಡಬೇಕೆಂದದ್ದು ಹೋಗುವ ದೋಣಿಯನ್ನು, ಬೀಳುವ ದೋಣಿಯನ್ನಲ್ಲ. ತಿರುಗಿಸಿಕೊಂಡು ಇನ್ನೊಮ್ಮೆ ಅವರ ಎದುರು ಹಾಯ್ದು ಹೋದೆ. ಈ ಸಲ ಹಗ್ಗ ಅಂಗೈಯಲ್ಲೇ ಇತ್ತು. ಗಾಳಿ ಎಳೆದಾಗ ಸ್ವಲ್ಪ ಕೊಟ್ಟೆ, ಸಡಿಲಿಸಿದಾಗ ತೆಗೆದುಕೊಂಡೆ. ದಡದ ಕಡೆ ನೋಡಲಿಲ್ಲ, ಕೈ ಬೀಸಲಿಲ್ಲ. ದೋಣಿ ಮೌನವಾಗಿ ಹೋಯಿತು. ನಾನು ಹೀಗೆ ಹಗ್ಗ ಹಿಡಿದದ್ದನ್ನು ಭಾವ ಒಂದು ಸಲ ನೋಡಿದ್ದರೆ ಎಂದು ಆಸೆಯಾಯಿತು. ನೋಡುತ್ತಲೇ ಇದ್ದಾರಲ್ಲ ಎಂದುಕೊಂಡೆ.

ಹಾಯಿ ಇಳಿಸಿ, ಹುಟ್ಟು ಹಾಕಿ ದಡ ಸೇರಿದೆ. ಭಾವ ಸೊಂಟದವರೆಗೆ ನೀರಿನಲ್ಲಿದ್ದರು. ಅವರ ರಟ್ಟೆ ಹಿಡಿದುಕೊಂಡು ಅಕ್ಕನೂ ನೀರಿನಲ್ಲಿದ್ದಳು, ಸೀರೆ ನೆನೆದು ಕಾಲಿಗೆ ಸುತ್ತಿಕೊಂಡಿತ್ತು. ನೀರಿನ ಮೇಲೆ ಹತ್ತಿಯ ಚೂರುಗಳು ತೇಲುತ್ತಿದ್ದವು.

"ಕಂಡಿತಾ ಭಾವ?" ಎಂದೆ. ನನಗೆ ಸಂಭ್ರಮವೇ ಆಗಿತ್ತು.

ಅವರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಲು ನೋಡಿದರು. ಪಂಚೆ ಒದ್ದೆಯಾಗಿತ್ತು.

"ಇಲ್ಲ ಮಾರಾಯ. ಹೊರಡುವಾಗ ಬೆಳ್ಳಗೆ ಒಂದು ಎಂತದೋ ಇತ್ತು. ಆಮೇಲೆ ನೀರೂ ಅದೇ, ಆಕಾಶವೂ ಅದೇ. ತಡವಾಯ್ತು, ಅಷ್ಟೇ."

ಇಡೀ ಮಳೆಗಾಲ ಕಾದದ್ದು, ಆ ಔಷಧಿ, ಆ ಪಾಠ. ಅಳು ಬಂತು, ಅತ್ತೆ. ಅವರಿಗೆ ಕಾಣುವುದಿಲ್ಲ ಎಂಬ ಧೈರ್ಯದಲ್ಲಿ ಒರೆಸಿಕೊಳ್ಳಲೂ ಹೋಗಲಿಲ್ಲ.

"ಅದು ಬಿಡು. ಹ್ಯಾಂಗೆ ಕಾಣ್ತಿತ್ತು ಹೇಳು," ಎಂದರು.

"ಚಂದ ಇತ್ತು ಭಾವ."

"ನೀನು ಒಳಗಿದ್ದವ. ನಿಂಗೆ ಹ್ಯಾಂಗೆ ಗೊತ್ತಾಗ್ತದೆ?"

ಹೌದಲ್ಲ. ನಾನು ನೋಡಿದ್ದು ಒಂದು ಹಗ್ಗ, ಒಂದು ಹಲಗೆ, ಬಿಚ್ಚದ ಒಂದು ಗಂಟು. ಇಷ್ಟು ವರ್ಷ ಭಾವನಿಗಿದ್ದ ಕಷ್ಟವೇ ಈಗ ನನಗೂ. ಅಕ್ಕ ಸೀರೆಯ ಅಂಚು ಹಿಂಡುತ್ತಿದ್ದಳು. ಹಿಂಡುವುದನ್ನು ನಿಲ್ಲಿಸಿ, ಯಾರ ಮುಖವನ್ನೂ ನೋಡದೆ, "ನಾನು ನೋಡಿದೆ," ಎಂದಳು.

ಭಾವ ಅವಳ ದನಿ ಬಂದ ಕಡೆ ತಿರುಗಿದರು.

"ಇವರು ನೀರಿಗೆ ಇಳೀತಾ ಇದ್ರು, ಕಾಲು ಜಾರೀತು ಅಂತ ಹಿಡ್ಕೊಳ್ಳೋಕೆ ಬಂದೆ. ಹಾಂಗ್ ನೋಡಿದ್ದು," ಎಂದು ನನಗೆ ಸಮಜಾಯಿಷಿ ಕೊಟ್ಟಳು. ಆಮೇಲೆ ಗಂಡನಿಗೆ ಹೇಳಿದಳು. ಹಾಯಿ ಅವಳ ಬಾಯಲ್ಲಿ ಪಟ. "ಮೊದಲು ಪಟ ಮುದ್ದೆಯಾಗಿತ್ತು ಕಣ್ರೀ. ಆಮೇಲೆ ಗಾಳಿ ಹೊಕ್ಕು, ತಂತಿ ಮೇಲಿನ ಸೀರೆ ಉಬ್ಬಿದ ಹಾಂಗೆ ಉಬ್ಬಿತು. ಮತ್ತೆ ಅದು ಹೋಗೋದೇ ಗೊತ್ತಾಗಲಿಲ್ಲ. ಸದ್ದೇ ಇಲ್ಲ. ಇಲ್ಲಿತ್ತು, ನೋಡ್ತೀನಿ, ಅಲ್ಲಿತ್ತು."

"ವಾಲಿದಾಗ?"

"ವಾಲಿದಾಗ ಹೊಟ್ಟೆ ಪೂರಾ ಕಂಡಿತು. ಕೆಂಪು. ಅಡಿಗೆ ಕೆಂಪು ಬಣ್ಣ ಬಳಿದಿದ್ದೀರಲ್ಲ, ನಂಗೆ ಗೊತ್ತೇ ಇರಲಿಲ್ಲ."

"ಬೇಸಿಗೆಗೊಂದು ಸಲ ನಾನೇ ಬಳಿದದ್ದು," ಎಂದರು ಭಾವ. ಅವರ ತುಟಿ ಸ್ವಲ್ಪ ಅಲುಗಿತು. "ಎರಡನೇ ಸಲ ಹೋದದ್ದು ಹೇಳು."

ದೋಣಿಯನ್ನು ಟ್ರೈಲರ್ ಮೇಲೆ ಎಳೆದು ಕಟ್ಟುವಷ್ಟು ಹೊತ್ತೂ ಅಕ್ಕ ಹೇಳುತ್ತಿದ್ದಳು. ಜೀಪಿನಲ್ಲಿ ಇಬ್ಬರೂ ಹಿಂದಿನ ಸೀಟಿನಲ್ಲಿ ಕೂತರು. ಹೊಂಡ ಬಿದ್ದ ರಸ್ತೆಯಲ್ಲಿ ನಾನು ನಿಧಾನಕ್ಕೆ ಓಡಿಸಿದೆ. ಭಾವ "ಮೊದಲಿಂದ ಹೇಳು" ಎನ್ನುವರು, ಅವಳು ಮೊದಲಿಂದ ಹೇಳುವಳು, ಪ್ರತಿ ಸಲವೂ ಏನಾದರೊಂದು ಹೊಸದು ಸೇರುತ್ತಿತ್ತು. ನೀರಿನ ಮೇಲೆ ಪಟದ ನೆರಳು ಬಿದ್ದದ್ದು. ಎರಡನೇ ಸಲ ಹೋಗುವಾಗ ಬೆಳ್ಳಕ್ಕಿಯೊಂದು ದೂರದವರೆಗೆ ಜೊತೆಗೇ ಹಾರಿದ್ದು. ಊರು ಹತ್ತಿರವಾದಾಗ ನಡುವೆ ಮಾತು ನಿಲ್ಲಿಸಿದಳು. ಕನ್ನಡಿಯಲ್ಲಿ ನೋಡಿದೆ. ಅವಳು ಹೊರಗೆ ನೋಡುತ್ತಿದ್ದಳು.

"ಇಷ್ಟು ವರ್ಷ ನೀವು ಹೀಂಗೇ ಹೋಗ್ತಿದ್ರಾ?" ಎಂದಳು. "ಒಂದು ದಿನ ತಿರುಗಿ ಕೂತಿದ್ರೆ, ನಿಮ್ಮನ್ನ ಅದರೊಳಗೆ ನೋಡಬಹುದಿತ್ತು."

ಭಾವ ಕನ್ನಡಕ ಮಡಚಿ ಜೇಬಿಗೆ ಹಾಕಿಕೊಂಡರು.

"ಆ ವಾಲೋದನ್ನ ನೋಡಿದ್ರೆ ಮುಂದಿನ ವಾರ ನನ್ನನ್ನ ಬಿಡ್ತಿದ್ಯಾ?"

ಅಕ್ಕ ನಿಜವಾಗಿಯೂ ಯೋಚಿಸಿದಳು.

"ಬಿಡ್ತಿರಲಿಲ್ಲ," ಎಂದಳು. ಜೀಪು ಮನೆಯ ಗೇಟಿಗೆ ತಿರುಗಿದ ಮೇಲೆ ಹೇಳಿದಳು, "ಆದ್ರೂ ನೋಡಬೇಕಿತ್ತು."